ಜಲವರ್ಣದಲ್ಲಿ ಕುದುರೆ: ಮೊದಲು ಕಾಲು, ಆಮೇಲೆ ಬಣ್ಣ

ಕುದುರೆಯ ಚಿತ್ರ ಬರೆದು ಕಳುಹಿಸಿ, "ಏನೋ ಸರಿಯಿಲ್ಲ, ಎಲ್ಲಿ ಎಂದು ತಿಳಿಯುತ್ತಿಲ್ಲ" ಎಂದು ಕೇಳುವ ಓದುಗರು ಅನೇಕ. ಬಣ್ಣ ಹದವಾಗಿರುತ್ತದೆ, ಕುತ್ತಿಗೆಯ ಕೂದಲು ಗಾಳಿಗೆ ಹಾರುತ್ತಿರುತ್ತದೆ, ಕಣ್ಣಿನಲ್ಲಿ ಹೊಳಪೂ ಇರುತ್ತದೆ. ಕಾಲು ಮಾತ್ರ ನಾಯಿಯದೋ ಆಕಳದೋ ಆಗಿರುತ್ತದೆ. ಕುದುರೆಯ ಮೇಲೆ ಪ್ರೀತಿ ಇರುವವರೇ ಈ ತಪ್ಪನ್ನು ಹೆಚ್ಚು ಮಾಡುತ್ತಾರೆ. ಅವರ ಕಣ್ಣು ಕೇಸರಕ್ಕೂ ಮುಖಕ್ಕೂ ಓಡುತ್ತದೆ, ಮೊಣಕಾಲಿನ ಕೆಳಗೆ ಇಳಿಯುವುದೇ ಇಲ್ಲ.

ಪೆನ್ಸಿಲ್ ಹಿಡಿದು ಸ್ವಲ್ಪ ರೂಢಿಯಿದ್ದು, ಕುದುರೆಯನ್ನು ಜಲವರ್ಣದಲ್ಲಿ ಬರೆಯಬೇಕೆಂದು ಆಸೆಪಡುವವರಿಗಾಗಿ ಈ ಲೇಖನ. ಗೋಡೆಗೆ ಹಾಕಲು ಏಳು ಕುದುರೆಗಳ ಓಟದ ಚಿತ್ರವೇ ಬೇಕು ಎನ್ನುವವರಿಗೆ ಮೊದಲೇ ಒಂದು ಮಾತು: ಏಳು ಕುದುರೆ ಎಂದರೆ ಇಪ್ಪತ್ತೆಂಟು ಕಾಲು. ಒಂದರಿಂದ ಶುರುಮಾಡಿ.

ಬೇಕಾದ ಸಾಮಾನು

ಕಾಗದ: 300 ಜಿಎಸ್‌ಎಂ ಜಲವರ್ಣ ಕಾಗದ, ಕೋಲ್ಡ್ ಪ್ರೆಸ್ಡ್. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬುದರ ಲೆಕ್ಕ. ಕೋಲ್ಡ್ ಪ್ರೆಸ್ಡ್ ಎಂದರೆ ಮೇಲ್ಮೈ ತುಸು ತರಿತರಿಯಾಗಿರುವುದು. ಹತ್ತಿಯ ಕಾಗದ ದುಬಾರಿಯಾದರೂ ನೀರನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಕುದುರೆಯ ಮೈಯಂಥ ನುಣುಪು ಮೈಗೆ ಅದೇ ಬೇಕು. ರೇಖೆಯ ಅಭ್ಯಾಸಕ್ಕೆ ಅಗ್ಗದ ಡ್ರಾಯಿಂಗ್ ಹಾಳೆ ಸಾಕು. ಆದರೆ ಆ ಹಾಳೆಯ ಮೇಲೆಯೇ ಬಣ್ಣ ಹಾಕಲು ಹೋಗಬೇಡಿ. ಅದು ಸುಕ್ಕುಗಟ್ಟಿ, ಬಣ್ಣವೆಲ್ಲ ತಗ್ಗಿಗೆ ಹರಿದು ಮಡುಗಟ್ಟುತ್ತದೆ.

ಕುಂಚ: ದುಂಡನೆಯವು ಮೂರು, ದೊಡ್ಡದು, ನಡುವಿನದು, ಸಣ್ಣದು. 12, 6 ಮತ್ತು 2ನೇ ನಂಬರ್ ಎಂದರೆ ಅಂಗಡಿಯವರು ಕೊಡುತ್ತಾರೆ.

ಬಣ್ಣ: ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ಯೆಲ್ಲೊ ಓಕರ್, ಅಲ್ಟ್ರಾಮರೀನ್ ಬ್ಲೂ, ಪರ್ಮನೆಂಟ್ ರೋಸ್. ಈ ಐದರಲ್ಲಿ ಜಗತ್ತಿನ ಹೆಚ್ಚುಕಡಿಮೆ ಎಲ್ಲ ಕುದುರೆಗಳೂ ಅಡಗಿವೆ. ಪೆಟ್ಟಿಗೆಯಲ್ಲಿರುವ ಕಪ್ಪು ಮತ್ತು ಬಿಳಿ ಟ್ಯೂಬುಗಳನ್ನು ಸದ್ಯಕ್ಕೆ ಕಣ್ಣಿಗೆ ಕಾಣದ ಕಡೆ ಇಡಿ.

ಇಷ್ಟರ ಜೊತೆಗೆ ಪೆನ್ಸಿಲ್, ಹಿಟ್ಟಿನಂತೆ ಹಿಸುಕಬಹುದಾದ ಮೆದು ರಬ್ಬರ್, ಕಾಗದವನ್ನು ಹಲಗೆಗೆ ಅಂಟಿಸಲು ಮಾಸ್ಕಿಂಗ್ ಟೇಪ್, ಎರಡು ಡಬ್ಬಿ ನೀರು, ಒಂದು ಹಳೆಯ ಬಟ್ಟೆ.

1. ಕುದುರೆಯ ಎದುರು ನಿಲ್ಲಿ

ಫೋಟೊ ನೋಡಿಯೇ ಬರೆಯುವುದಾದರೂ, ಒಮ್ಮೆಯಾದರೂ ಜೀವಂತ ಕುದುರೆಯನ್ನು ಹತ್ತಿರದಿಂದ ನೋಡಲೇಬೇಕು. ಫ್ರಾನ್ಸಿನ ರೋಸಾ ಬೊನೇರ್ ಪ್ಯಾರಿಸ್ಸಿನ ಕುದುರೆ ಸಂತೆಯ ಚಿತ್ರಕ್ಕೆ ಸಿದ್ಧತೆ ಮಾಡುವಾಗ ಒಂದೂವರೆ ವರ್ಷ, ವಾರಕ್ಕೆ ಎರಡು ಸಲ ಆ ಸಂತೆಗೆ ಹೋಗಿ ರೇಖಾಚಿತ್ರ ಮಾಡಿಕೊಂಡಳು. ಗಂಡಸರೇ ತುಂಬಿದ ಜಾಗ. ಹಾಗಾಗಿ ಪೊಲೀಸರಿಂದ ಪರವಾನಗಿ ಪಡೆದು ಗಂಡಸರ ಉಡುಪು ತೊಟ್ಟು ಹೋಗುತ್ತಿದ್ದಳು. ಐದು ಮೀಟರಿಗೂ ಅಗಲವಾದ ಆ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ.

ನಮ್ಮಲ್ಲಿ ಇಷ್ಟು ಕಷ್ಟವಿಲ್ಲ. ದಸರೆಗೆ ಮುಂಚಿನ ದಿನಗಳಲ್ಲಿ ಮೈಸೂರಿನಲ್ಲಿ ಅಶ್ವಾರೋಹಿ ದಳದ ಕುದುರೆಗಳು ಆನೆಗಳ ಜೊತೆ ತಾಲೀಮಿಗೆ ಇಳಿಯುತ್ತವೆ. ವಿಜಯದಶಮಿಯ ಸಂಜೆ ಬನ್ನಿಮಂಟಪದ ಪಂಜಿನ ಕವಾಯತಿನಲ್ಲೂ ಅವನ್ನು ಕಾಣಬಹುದು. ಬೆಂಗಳೂರು, ಮೈಸೂರುಗಳಲ್ಲಿ ಸವಾರಿ ಕಲಿಸುವ ಶಾಲೆಗಳಿವೆ. ಮೊದಲೇ ಮಾತನಾಡಿ ಅನುಮತಿ ಕೇಳಿದರೆ ಒಂದು ಮೂಲೆಯಲ್ಲಿ ಕುಳಿತು ಬರೆಯಲು ಬಿಡುವವರು ಸಿಗುತ್ತಾರೆ. ಹಂಪಿಗೆ ಹೋಗುವವರು ಹಜಾರರಾಮ ದೇವಾಲಯದ ಹೊರಗೋಡೆಯನ್ನು ಬಿಡಬೇಡಿ. ಆಳುಗಳು ಹಿಡಿದು ನಡೆಸುತ್ತಿರುವ ಕುದುರೆಗಳ ಸಾಲು ಅಲ್ಲಿದೆ. ಮಿಸುಕದ ಕುದುರೆ ಬೇಕೆಂದರೆ ಅದಕ್ಕಿಂತ ಒಳ್ಳೆಯದು ಸಿಗದು.

ಎಚ್ಚರಿಕೆ: ಕುದುರೆಗೆ ನೇರ ಹಿಂದೆಯೂ, ಹಣೆಯ ತೀರಾ ಮುಂದೆಯೂ ಇರುವುದು ಕಾಣಿಸದು. ಆದ್ದರಿಂದ ಹಿಂದಿನಿಂದ ಹೋಗಬೇಡಿ. ಭುಜದ ಕಡೆಯಿಂದ, ಮೆಲ್ಲಗೆ ಮಾತನಾಡುತ್ತ, ನೋಡಿಕೊಳ್ಳುವವರು ಜೊತೆಯಲ್ಲಿರುವಾಗಲೇ ಹತ್ತಿರ ಹೋಗಿ. ಇನ್ನೊಂದು ಸಂಗತಿಯನ್ನು ಚಿತ್ರಕಾರರು ಮರೆಯುತ್ತಾರೆ: ಗಾಳಿಗೆ ಪಟಪಟ ಎನ್ನುವ ಹಾಳೆ ಕುದುರೆಯನ್ನು ಬೆಚ್ಚಿಸುತ್ತದೆ. ಹಾಳೆಯ ನಾಲ್ಕೂ ಮೂಲೆಗೆ ಕ್ಲಿಪ್ ಹಾಕಿ. ಕೊಡೆ ಬಿಚ್ಚಬೇಡಿ.

2. ಫೋಟೊ ತೆಗೆಯುವಾಗ

ಮೊಬೈಲ್ ಹಿಡಿದು ಮೂತಿಯ ಹತ್ತಿರ ನಿಂತರೆ ತಲೆ ದೊಡ್ಡದಾಗಿ, ಹಿಂಭಾಗ ಕುಗ್ಗಿದಂತೆ ಬರುತ್ತದೆ. ಅದನ್ನು ನೋಡಿ ಬರೆದ ಚಿತ್ರವೂ ಹಾಗೆಯೇ ಇರುತ್ತದೆ, ದೂರು ಮಾತ್ರ ಕೈಗೆ ಬರುತ್ತದೆ. ಸಾಕಷ್ಟು ಹಿಂದೆ ಸರಿದು, ಜೂಮ್ ಮಾಡಿ, ಮೊಬೈಲನ್ನು ಕುದುರೆಯ ಎದೆಯ ಮಟ್ಟಕ್ಕೆ ಇಳಿಸಿ ತೆಗೆಯಿರಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಸ್ನಾಯುಗಳ ಉಬ್ಬುತಗ್ಗು ಕಾಣುತ್ತದೆ, ನಡುಮಧ್ಯಾಹ್ನ ಎಲ್ಲ ಚಪ್ಪಟೆ. ಗೊರಸುಗಳು ಹುಲ್ಲಿನಲ್ಲಿ ಮುಚ್ಚಿಹೋಗದಂತೆ ನೋಡಿಕೊಳ್ಳಿ. ಕಾಲಿನ ಕೆಳಭಾಗದ ಫೋಟೊಗಳನ್ನು ಬೇರೆಯಾಗಿಯೇ ತೆಗೆದಿಟ್ಟುಕೊಂಡರೆ ನಾಲ್ಕನೇ ಹಂತದಲ್ಲಿ ನನ್ನನ್ನು ನೆನೆಯುತ್ತೀರಿ.

3. ಚೌಕದಿಂದ ಶುರುಮಾಡಿ

ಅಳತೆಗೋಲು ಕುದುರೆಯ ತಲೆಯೇ. ನೆತ್ತಿಯಿಂದ ಮೂತಿಯ ತುದಿಯವರೆಗಿನ ಉದ್ದವನ್ನು ಒಂದು ತಲೆ ಎಂದುಕೊಳ್ಳಿ. ಎದೆಯ ಮುಂತುದಿಯಿಂದ ಪಿರ್ರೆಯ ಹಿಂತುದಿಯವರೆಗೆ ಸುಮಾರು ಎರಡೂವರೆ ತಲೆ. ನೆಲದಿಂದ ವಿದರ್ಸ್‌ವರೆಗಿನ ಎತ್ತರವೂ ಸುಮಾರು ಅಷ್ಟೇ. ವಿದರ್ಸ್ ಎಂದರೆ ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಇರುವ ಉಬ್ಬು. ಕುದುರೆಯ ಎತ್ತರವನ್ನು ಅಳೆಯುವುದು ಅಲ್ಲಿಗೇ, ತಲೆಗಲ್ಲ. ಹೀಗಾಗಿ ಕುತ್ತಿಗೆ ಮತ್ತು ತಲೆಯನ್ನು ಹೊರಗಿಟ್ಟರೆ ಕುದುರೆಯ ಮೈ ಒಂದು ಚೌಕದಲ್ಲಿ ಕೂರುತ್ತದೆ.

ಆ ಚೌಕವನ್ನು ತೆಳುವಾಗಿ ಗೀಚಿ. ವಿದರ್ಸ್‌ನಿಂದ ಎದೆಯ ತಳದವರೆಗೆ ಸುಮಾರು ಒಂದು ತಲೆ, ಉಳಿದದ್ದು ಕಾಲಿಗೆ. ಎದೆಗೂಡಿಗೆ ಒಂದು ದೊಡ್ಡ ಮೊಟ್ಟೆ, ಹಿಂಭಾಗಕ್ಕೆ ಇನ್ನೊಂದು ಸಣ್ಣದು, ಭುಜಕ್ಕೆ ಓರೆಯಾದ ಒಂದು ಗೆರೆ. ಇಷ್ಟಾದ ಮೇಲೆ ದೂರ ಸರಿದು ನೋಡಿ. ಚೌಕ ಅಡ್ಡ ಉದ್ದವಾಗಿದ್ದರೆ ನಿಮ್ಮ ಕುದುರೆ ಗಿಡ್ಡ ಕಾಲಿನದಾಗುತ್ತದೆ. ಹೊಸಬರ ಹತ್ತು ಚಿತ್ರಗಳಲ್ಲಿ ಎಂಟು ಹೀಗೆಯೇ ಇರುತ್ತವೆ ಎಂದರೆ ತಪ್ಪಿಲ್ಲ.

ಮರಿಗೆ ಈ ಲೆಕ್ಕ ಹೊಂದದು. ಅದು ಹುಟ್ಟುವಾಗಲೇ ಉದ್ದ ಕಾಲು ಹೊತ್ತು ಬರುತ್ತದೆ, ಮೈ ಮಾತ್ರ ಚಿಕ್ಕದು. ದೊಡ್ಡ ಕುದುರೆಯನ್ನೇ ಕುಗ್ಗಿಸಿ ಬರೆದರೆ ಮರಿಯಾಗುವುದಿಲ್ಲ.

4. ಕಾಲು

ಇಲ್ಲಿ ನಿಧಾನವಾಗಿ ಓದಿ.

ಬಲಗೈಯ ನಡುಬೆರಳ ತುದಿಯನ್ನು ಮೇಜಿನ ಮೇಲೆ ಊರಿ, ಅಂಗೈಯನ್ನೂ ಮುಂಗೈಯನ್ನೂ ನೇರವಾಗಿ ಮೇಲೆತ್ತಿ. ಬೆರಳ ಉಗುರು ಇರುವಲ್ಲಿ ಗೊರಸು. ಬೆರಳು ಅಂಗೈಗೆ ಸೇರುವ ಗೆಣ್ಣು ಗೊರಸಿನ ಮೇಲಿನ ಕೀಲು. ಅಂಗೈ ಇರುವಲ್ಲಿ ಕುದುರೆಯ ಕಾಲಿನ ನೀಳವಾದ ಮೂಳೆ. ನಿಮ್ಮ ಮಣಿಕಟ್ಟು ಇರುವ ಜಾಗವನ್ನೇ ನಾವು ಕುದುರೆಯ ಮೊಣಕಾಲು ಎಂದು ಕರೆಯುವುದು. ಅಂದರೆ ಕುದುರೆ ಪ್ರತಿ ಕಾಲಿನ ಒಂದೇ ಒಂದು ಬೆರಳ ತುದಿಯಲ್ಲಿ ನಿಂತ ಪ್ರಾಣಿ. ಅದರ ನಿಜವಾದ ಮೊಣಕೈ ಮೇಲೆ, ಪಕ್ಕೆಲುಬಿಗೆ ತಾಗಿಕೊಂಡು, ಎದೆಯ ತಳದ ಮಟ್ಟದಲ್ಲಿದೆ.

ಹಿಂಗಾಲೂ ಹೀಗೆಯೇ. ಹಿಂದಕ್ಕೆ ಚೂಪಾಗಿ ಚಾಚಿಕೊಂಡಿರುವ ಕೀಲಿಗೆ ಹಾಕ್ ಎನ್ನುತ್ತಾರೆ. ಅದು ನಮ್ಮ ಹಿಮ್ಮಡಿ. ನಿಜವಾದ ಮೊಣಕಾಲು ಹೊಟ್ಟೆಯ ಪಕ್ಕದ ಚರ್ಮದ ಮಡಿಕೆಯ ಬಳಿ ಅಡಗಿದೆ. ಇದನ್ನು ತಿಳಿಯದವರು ಹಿಂಗಾಲನ್ನು ನೇರ ಕಂಬದಂತೆ ಇಳಿಸುತ್ತಾರೆ, ಇಲ್ಲವೇ ಹಿಂದು ಮುಂದಾಗಿ ಮಡಿಸುತ್ತಾರೆ.

ಮೊಣಕಾಲು ಮತ್ತು ಹಾಕ್‌ನ ಕೆಳಗೆ ಮಾಂಸವಿಲ್ಲ. ಮೂಳೆ, ಅದರ ಹಿಂದೆ ಹುರಿಗಟ್ಟಿದ ಸ್ನಾಯುರಜ್ಜು, ಮೇಲೆ ಚರ್ಮ, ಅಷ್ಟೇ. ಆದ್ದರಿಂದ ಅಲ್ಲಿ ದುಂಡನೆಯ ಗೆರೆ ಬರಕೂಡದು. ಕೀಲುಗಳಲ್ಲಿ ಗಂಟು, ನಡುವೆ ನೇರ, ಮೂಳೆಗೂ ರಜ್ಜುವಿಗೂ ನಡುವೆ ಒಂದು ತೆಳು ಕಣಿವೆ. ಗೊರಸಿನ ಮೇಲಿನ ಗಿಡ್ಡ ಭಾಗಕ್ಕೆ ಪಾಸ್ಟರ್ನ್ ಎಂದು ಹೆಸರು. ಅದು ಓರೆಯಾಗಿ ಮುಂದಕ್ಕೆ ಬಾಗಿರುತ್ತದೆ, ಗೊರಸಿನ ಮುಂಗೆರೆಯೂ ಅದೇ ಓರೆಯಲ್ಲಿ ಮುಂದುವರಿಯುತ್ತದೆ. ಪಾಸ್ಟರ್ನ್ ಅನ್ನು ನೆಟ್ಟಗೆ ಬರೆದರೆ ಕುದುರೆ ಮರದ ಆಟಿಕೆಯಾಗುತ್ತದೆ. ಈ ಎರಡು ಅಂಗುಲದಲ್ಲಿ ಚಿತ್ರ ಬದುಕುವುದೂ ಉಂಟು, ಸಾಯುವುದೂ ಉಂಟು.

ಪರೀಕ್ಷೆ ಮಾಡಿಕೊಳ್ಳಲು ಮೂರು ಉಪಾಯ:

ಹಾಕ್ ಯಾವಾಗಲೂ ಮುಂಗಾಲಿನ ಮೊಣಕಾಲಿಗಿಂತ ತುಸು ಎತ್ತರದಲ್ಲಿರುತ್ತದೆ. ಎರಡನ್ನೂ ಒಂದೇ ಮಟ್ಟದಲ್ಲಿ ಬರೆದಿದ್ದರೆ ತಿದ್ದಿ.

ನೆಟ್ಟಗೆ ನಿಂತ ಕುದುರೆಯ ಪಿರ್ರೆಯ ಹಿಂತುದಿಯಿಂದ ತೂಗುಗುಂಡು ಇಳಿಬಿಟ್ಟರೆ ದಾರವು ಹಾಕ್‌ನ ತುದಿಯನ್ನು ಮುಟ್ಟಿ, ಕಾಲಿನ ಹಿಂಬದಿಗೆ ತಾಗಿಕೊಂಡು ಇಳಿಯಬೇಕು. ಪೆನ್ಸಿಲನ್ನು ಲಂಬವಾಗಿ ಹಿಡಿದು ನೋಡಿದರೂ ಸಾಕು.

ಮುಂದಿನ ಗೊರಸು ದುಂಡು, ಹಿಂದಿನದು ಕೊಂಚ ಚೂಪು. ಸಣ್ಣ ಸಂಗತಿ. ಆದರೆ ಕುದುರೆ ಬಲ್ಲವರ ಕಣ್ಣು ಮೊದಲು ಹೋಗುವುದು ಇಂಥ ಕಡೆಗೇ.

ಕಾಲಿನ ವಿಷಯದಲ್ಲಿ ಗುರು ಎಂದರೆ ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್. 1750ರ ದಶಕದಲ್ಲಿ ಲಿಂಕನ್‌ಶೈರಿನ ಹಾರ್ಕ್‌ಸ್ಟೋ ಎಂಬ ಹಳ್ಳಿಯಲ್ಲಿ ಮನೆ ಹಿಡಿದು, ಸತ್ತ ಕುದುರೆಗಳನ್ನು ಕೊಕ್ಕೆಗಳಿಂದ ತೂಗುಹಾಕಿ, ಚರ್ಮ, ಸ್ನಾಯು, ಮೂಳೆ ಎಂದು ಪದರ ಪದರವಾಗಿ ಬಿಡಿಸಿ ಸುಮಾರು 18 ತಿಂಗಳು ಬರೆದ. ಆ ಫಲಕಗಳು 1766ರಲ್ಲಿ ಅಚ್ಚಾದವು. ಈಗ ಅಂತರ್ಜಾಲದಲ್ಲಿ ಉಚಿತವಾಗಿ ನೋಡಸಿಗುತ್ತವೆ. ಕಾಲಿನ ಫಲಕಗಳನ್ನು ಎದುರಿಗಿಟ್ಟು ನಕಲು ಮಾಡಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಅವನ ವಿಸಲ್‌ಜಾಕೆಟ್ ಎಂಬ ಕೆಂಗುದುರೆಯ ಚಿತ್ರಕ್ಕೆ ಹಿನ್ನೆಲೆಯೇ ಇಲ್ಲ. ಮರವಿಲ್ಲ, ಆಕಾಶವಿಲ್ಲ, ಸವಾರನಿಲ್ಲ. ಹೆಚ್ಚುಕಡಿಮೆ ಮೂರು ಮೀಟರ್ ಎತ್ತರದ ಕ್ಯಾನ್ವಾಸನ್ನು ಕುದುರೆಯೊಂದೇ ಹೊತ್ತು ನಿಂತಿದೆ. ಹಾಗೆ ನಿಲ್ಲಲು ಒಳಗಿನ ಮೂಳೆ ಗಟ್ಟಿಯಾಗಿರಬೇಕು.

"ಚಿತ್ರಕಾರ ಎಂ.ಎಫ್. ಹುಸೇನ್ ಬರೆದ ಕುದುರೆಗಳಲ್ಲಿ ಇಷ್ಟೆಲ್ಲ ಅಂಗರಚನೆ ಎಲ್ಲಿದೆ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರ ಕುದುರೆಗಳಲ್ಲಿ ಕುತ್ತಿಗೆ ತಿರುಚಿದಾಗ ಎದೆಯ ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ ಎಂಬುದನ್ನು ಗಮನಿಸಿ, ಆಮೇಲೆ ಮಾತನಾಡೋಣ. ಬಿಡುವುದು ಏನನ್ನು ಎಂದು ತಿಳಿದವರು ಬಿಟ್ಟರೆ ಚಂದ.

5. ನಿಂತಿದೆಯೇ, ನಡೆಯುತ್ತಿದೆಯೇ, ಓಡುತ್ತಿದೆಯೇ

ಮೊದಲ ಚಿತ್ರಗಳಿಗೆ ನಿಂತ ಕುದುರೆಯನ್ನೇ ಆರಿಸಿ. ನಡೆಯುವ ಕುದುರೆ ಬೇಕೆಂದರೆ ಒಂದು ಸಂಗತಿ ಸಾಕು: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು, ಇದು ಹೆಜ್ಜೆಯ ಕ್ರಮ. ಹೀಗಾಗಿ ಒಂದು ಬದಿಯ ಎರಡು ಕಾಲುಗಳು ಹೊಟ್ಟೆಯ ಕೆಳಗೆ ಹತ್ತಿರ ಬಂದಾಗ ಇನ್ನೊಂದು ಬದಿಯವು ಅಗಲಿರುತ್ತವೆ. ದುಡುಕಿಯಲ್ಲಿ, ಅಂದರೆ ನಡಿಗೆಗೂ ಓಟಕ್ಕೂ ನಡುವಿನ ಕುಕ್ಕೋಟದಲ್ಲಿ, ಎಡ ಮುಂಗಾಲಿನ ಜೊತೆಗೆ ಬಲ ಹಿಂಗಾಲು, ಹೀಗೆ ಕರ್ಣದ ಜೋಡಿಗಳು ಒಟ್ಟಿಗೆ ಏಳುತ್ತವೆ.

ನಾಗಾಲೋಟದಲ್ಲಿ ದೊಡ್ಡ ದೊಡ್ಡವರೇ ಎಡವಿದ್ದಾರೆ. ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ, ಹೊಟ್ಟೆ ನೆಲಕ್ಕೆ ಸಮಾನಾಂತರವಾಗಿ ತೇಲುವ ಕುದುರೆಗಳನ್ನು ಶತಮಾನಗಳ ಕಾಲ ಬರೆದರು. ಫ್ರಾನ್ಸಿನ ಚಿತ್ರಕಾರ ಜೆರಿಕೊ 1821ರಲ್ಲಿ ಬರೆದ ಎಪ್ಸಮ್ ಡರ್ಬಿ ಎಂಬ ಇಂಗ್ಲೆಂಡಿನ ಕುದುರೆ ಪಂದ್ಯದ ಚಿತ್ರ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ, ಅಲ್ಲಿನ ಕುದುರೆಗಳೂ ಹೀಗೆಯೇ. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ಹಾದಿಯ ಪಕ್ಕ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಫೋಟೊ ತೆಗೆದ. ನಾಲ್ಕೂ ಗೊರಸು ನೆಲ ಬಿಡುವ ಗಳಿಗೆ ನಿಜವಾಗಿಯೂ ಇತ್ತು. ಆದರೆ ಆಗ ಕಾಲುಗಳು ಚಾಚಿರಲಿಲ್ಲ, ಹೊಟ್ಟೆಯ ಕೆಳಗೆ ಮುದುಡಿಕೊಂಡಿದ್ದವು. ಬರಿಗಣ್ಣಿಗೆ ಸಿಗದ ವೇಗ ಅದು. ಆದ್ದರಿಂದ ಓಟದ ಚಿತ್ರವನ್ನು ಊಹೆಯಿಂದ ಬರೆಯಬೇಡಿ. ಮೊಬೈಲಿನ ಸ್ಲೋ ಮೋಷನ್ ವಿಡಿಯೊ ತೆಗೆದು, ಒಂದೊಂದೇ ಚೌಕಟ್ಟನ್ನು ನಿಲ್ಲಿಸಿ ನೋಡಿ.

6. ತಲೆ ಮತ್ತು ಕಣ್ಣು

ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿದೆ, ನೆತ್ತಿಯಿಂದ ಮೂತಿಯತ್ತ ಸುಮಾರು ಮೂರರಲ್ಲಿ ಒಂದು ಭಾಗ ಇಳಿದ ಮೇಲೆ. ಕಣ್ಣಿನ ಪಾಪೆ ದುಂಡಗಿಲ್ಲ, ಅಡ್ಡ ಉದ್ದ. ಮನುಷ್ಯರ ಕಣ್ಣಿನಂತೆ ಸುತ್ತ ಬಿಳಿ ತೋರಿಸಿದರೆ ಕುದುರೆ ಗಾಬರಿಗೊಂಡಂತೆ ಕಾಣುತ್ತದೆ. ಗಾಬರಿಯೇ ಬೇಕಾದರೆ ಬಿಳಿ ತೋರಿಸಿ: ಚೀನಾದ ಹಾನ್ ಗಾನ್ ಸುಮಾರು 750ರಲ್ಲಿ ಬರೆದ ಚಕ್ರವರ್ತಿಯ ಬಿಳಿಗುದುರೆ ಗೂಟಕ್ಕೆ ಕಟ್ಟಿಸಿಕೊಂಡು ಕಣ್ಣು ಹೊರಳಿಸುತ್ತಿದೆ. ಬರಿಯ ಮಸಿಯ ಗೆರೆ ಅದು.

ಕಿವಿ ಮಾತಾಡುತ್ತದೆ. ಮುಂದಕ್ಕೆ ನೆಟ್ಟರೆ ಕುತೂಹಲ, ಹಿಂದಕ್ಕೆ ತಲೆಗೆ ಒತ್ತಿಕೊಂಡರೆ ಸಿಟ್ಟು. ಸೌಮ್ಯವಾದ ಕುದುರೆಯ ಚಿತ್ರದಲ್ಲಿ ಕಿವಿ ಹಿಂದಕ್ಕೆ ಒತ್ತಿದ್ದರೆ ನೋಡುವವರಿಗೆ ಕಾರಣ ತಿಳಿಯದೆಯೇ ಕಸಿವಿಸಿಯಾಗುತ್ತದೆ. ರಾಜಸ್ಥಾನದ ಮಾರ್ವಾಡಿ ಮತ್ತು ಗುಜರಾತಿನ ಕಾಠಿಯಾವಾಡಿ ತಳಿಗಳ ಕಿವಿ ಒಳಕ್ಕೆ ಬಾಗಿ ತುದಿಗಳು ಒಂದನ್ನೊಂದು ಮುಟ್ಟುವಂತಿರುತ್ತವೆ. ರೇಸಿನ ಕುದುರೆಗೆ ಅಂಥ ಕಿವಿ ಇಡಬೇಡಿ.

ಕಡಿವಾಣ, ಲಗಾಮು, ಜೀನು ಬರೆಯುವುದಾದರೆ ತಲೆಯ ಆಕಾರ ಮುಗಿದ ಮೇಲೆ. ಪಟ್ಟಿ ಚರ್ಮದ ಮೇಲೆ ಬಳಸಿಕೊಂಡು ಹೋಗಬೇಕು, ಅಂಟಿಸಿದಂತಿರಬಾರದು.

7. ಬಣ್ಣ ಕಲಸುವುದು

ಪ್ಯಾಲೆಟ್ಟಿನ ಒಂದು ಬದಿಗೆ ಬರ್ನ್ಟ್ ಸಿಯೆನ್ನಾ, ಇನ್ನೊಂದು ಬದಿಗೆ ಅಲ್ಟ್ರಾಮರೀನ್ ಇಟ್ಟು ನಡುವೆ ಕಲಸಿ. ಸಿಯೆನ್ನಾ ಹೆಚ್ಚಾದರೆ ಬೆಚ್ಚನೆಯ ಕಂದು, ನೀಲಿ ಹೆಚ್ಚಾದರೆ ಉಕ್ಕಿನ ಬೂದು, ಎರಡೂ ಗಟ್ಟಿಯಾಗಿ ಸಮನಾದರೆ ಆಳವಾದ ಕಪ್ಪು. ಟ್ಯೂಬಿನ ಕಪ್ಪಿಗೆ ಇಲ್ಲದ ಜೀವ ಈ ಕಪ್ಪಿಗಿದೆ, ಏಕೆಂದರೆ ಇದು ಒಣಗುವಾಗ ಅಲ್ಲಲ್ಲಿ ಕಂದು, ಅಲ್ಲಲ್ಲಿ ನೀಲಿ ಇಣುಕುತ್ತದೆ.

ಮೈ ಕಂದು, ಆದರೆ ಕೇಸರ, ಬಾಲ, ಕಾಲಿನ ಕೆಳಭಾಗ ಕಪ್ಪು: ಇದು ಬೇ. ಮೈ, ಕೇಸರ ಎಲ್ಲ ಒಂದೇ ಕೆಂಪು ಕಂದು: ಇದು ಚೆಸ್ಟ್‌ನಟ್. ಮೊದಲನೆಯದಕ್ಕೆ ಸಿಯೆನ್ನಾ ಮತ್ತು ಅಂಬರ್, ಎರಡನೆಯದಕ್ಕೆ ಸಿಯೆನ್ನಾಕ್ಕೆ ಚಿಟಿಕೆ ರೋಸ್ ಮತ್ತು ಓಕರ್.

ಬಿಳಿ ಕುದುರೆಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ನಾವು ಬಿಳಿ ಎನ್ನುವ ಕುದುರೆಗಳಲ್ಲಿ ಬಹುಪಾಲು ಹುಟ್ಟುವಾಗ ಕಪ್ಪೋ ಕಂದೋ ಇದ್ದು, ವರ್ಷ ಕಳೆದಂತೆ ಬೆಳ್ಳಗಾದವು. ಕೂದಲು ಬಿಳಿ, ಚರ್ಮ ಕಪ್ಪು. ಅದರ ಮೂತಿಯನ್ನು ಹತ್ತಿರದಿಂದ ನೋಡಿ: ಮೂಗಿನ ಹೊಳ್ಳೆಯ ಸುತ್ತ ಕೂದಲು ವಿರಳವಾಗಿ, ಒಳಗಿನ ಚರ್ಮ ನೀಲಿ ಮಿಶ್ರಿತ ಬೂದಿಯಾಗಿ ಹೊಳೆಯುತ್ತದೆ, ಹೊಳ್ಳೆಯ ಒಳಗೆ ಕೆಂಪು, ತುಟಿಯ ಅಂಚಿನಲ್ಲಿ ಬಿಡಿಬಿಡಿಯಾದ ಉದ್ದ ಮೀಸೆಗೂದಲು. ಕಣ್ಣಿನ ಸುತ್ತಲೂ ಅದೇ ಬೂದು. ಮೂತಿಗೆ ಬರಿಯ ಗುಲಾಬಿ ಬಳಿದರೆ ಬೇರೆಯೇ ಪ್ರಾಣಿಯಾಗುತ್ತದೆ. ಬಿಳಿ ಮೈಯ ನೆರಳಿಗೆ ನೀರು ಹೆಚ್ಚಾದ ಅಲ್ಟ್ರಾಮರೀನ್, ಹೊಟ್ಟೆಯ ಕೆಳಗೆ ನೆಲದ ಪ್ರತಿಫಲನಕ್ಕೆ ತೆಳು ಓಕರ್. ಬೆಳಕು ಬಿದ್ದ ಕಡೆ ಕಾಗದವನ್ನೇ ಬಿಡಿ.

8. ಬಣ್ಣ ಹಾಕುವ ಕ್ರಮ

ಕಾಗದವನ್ನು ನಾಲ್ಕೂ ಬದಿ ಟೇಪಿನಿಂದ ಹಲಗೆಗೆ ಅಂಟಿಸಿ. ಗಾಢವಾದ ಪೆನ್ಸಿಲ್ ಗೆರೆಗಳನ್ನು ಮೆದು ರಬ್ಬರಿನಿಂದ ಒತ್ತಿ ತೆಗೆದು ಮಸುಕು ಮಾಡಿ, ಉಜ್ಜಬೇಡಿ.

ಮೊದಲು ತೆಳುವಾದ ವಾಷ್. ವಾಷ್ ಎಂದರೆ ನೀರು ಹೆಚ್ಚಾಗಿರುವ ಬಣ್ಣವನ್ನು ದೊಡ್ಡ ಕುಂಚದಿಂದ ತಡವರಿಸದೆ ಹರಡುವುದು. ಬೆನ್ನು ಮತ್ತು ಪಿರ್ರೆಯ ಮೇಲ್ಭಾಗಕ್ಕೆ ಬರಿಯ ತೆಳು ನೀಲಿ, ಕೆಳಗಿಳಿದಂತೆ ಕಂದು. ಕುದುರೆಯ ನುಣುಪು ಕೂದಲು ಆಕಾಶವನ್ನು ಪ್ರತಿಫಲಿಸುತ್ತದೆ. ಬಯಲಿನಲ್ಲಿ ನಿಂತ ಕಂದು ಕುದುರೆಯ ಬೆನ್ನಿನಲ್ಲಿ ನೀಲಿ ಇಲ್ಲದಿದ್ದರೆ ಹೊಳಪೂ ಇರುವುದಿಲ್ಲ.

ಅದು ಇನ್ನೂ ಒದ್ದೆ ಇರುವಾಗಲೇ ಭುಜದ ಹಿಂಬದಿ, ಹೊಟ್ಟೆಯ ಕೆಳಭಾಗ, ತೊಡೆಯ ಒಳಬದಿಗೆ ಗಟ್ಟಿ ಬಣ್ಣವನ್ನು ಮುಟ್ಟಿಸಿ ಬಿಟ್ಟುಬಿಡಿ. ಅದು ತಾನಾಗಿ ಹರಡಲಿ. ಕಾಗದದ ಹೊಳಪು ಮಾಯವಾಗಿ ಇನ್ನೂ ತಂಪಾಗಿರುವ ಹೊತ್ತಿನಲ್ಲಿ ಮಾತ್ರ ಕೈ ಹಾಕಬೇಡಿ. ಆಗ ನೀರು ತಗುಲಿದರೆ ಹೂಕೋಸಿನ ಅಂಚಿನಂಥ ಕಲೆ ಎದ್ದು ನಿಲ್ಲುತ್ತದೆ, ಮತ್ತೆ ಹೋಗುವುದಿಲ್ಲ.

ಪೂರ್ತಿ ಒಣಗಿದ ಮೇಲೆ ಎರಡನೇ ಸುತ್ತು: ಕಾಲಿನ ಕೀಲುಗಳು, ಕೆನ್ನೆಯ ಮೂಳೆ, ಕುತ್ತಿಗೆಯ ಉಬ್ಬು. ಇಲ್ಲಿ ಅಂಚುಗಳು ಚೂಪಾಗಿರಲಿ. ಜಲವರ್ಣ ಒಣಗಿದಾಗ ತೆಳುವಾಗುತ್ತದೆ, ಆದ್ದರಿಂದ ಹಸಿಯಾಗಿರುವಾಗ ಕೊಂಚ ಹೆಚ್ಚೇ ಗಾಢ ಎನಿಸಬೇಕು. ಕೇಸರ ಮತ್ತು ಬಾಲವನ್ನು ಕೂದಲು ಕೂದಲಾಗಿ ಬಿಡಿಸಲು ಹೋಗಬೇಡಿ. ದೊಡ್ಡ ಕುಂಚದಿಂದ ಮೂರು ನಾಲ್ಕು ಗೊಂಚಲು, ತುದಿಯಲ್ಲಿ ಮಾತ್ರ ಸಣ್ಣ ಕುಂಚದ ಕೆಲವು ಎಳೆ. ಕಣ್ಣಿನ ಹೊಳಪಿಗೆ ಕಾಗದದ ಬಿಳಿಯನ್ನು ಮೊದಲೇ ಉಳಿಸಿಕೊಳ್ಳಿ. ಮರೆತಿದ್ದರೆ ಈಗ ಬಚ್ಚಿಟ್ಟ ಬಿಳಿ ಟ್ಯೂಬನ್ನು ಹೊರತೆಗೆಯಬಹುದು, ಒಂದು ಚುಕ್ಕೆಗೆ ಮಾತ್ರ.

ಗೊರಸಿನ ಕೆಳಗೆ ನೆರಳು ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕುದುರೆ ಗಾಳಿಯಲ್ಲಿ ತೇಲುತ್ತದೆ. ಹಿನ್ನೆಲೆಗೆ ಸೂರ್ಯಾಸ್ತ, ಸಮುದ್ರ ಇತ್ಯಾದಿ ಬೇಡ. ಧೂಳಿನ ಒಂದು ತೆಳು ವಾಷ್ ಸಾಕು.

9. ಮುಗಿದ ಮೇಲೆ

ಚಿತ್ರವನ್ನು ಕನ್ನಡಿಯಲ್ಲಿ ತೋರಿಸಿ ನೋಡಿ. ಓರೆಕೋರೆ ಆಗ ತಟ್ಟನೆ ಕಾಣುತ್ತದೆ. ಕಟ್ಟು ಹಾಕಿಸುವಾಗ ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಬೋರ್ಡ್, ಅಂದರೆ ನಡುಭಾಗ ಕತ್ತರಿಸಿದ ದಪ್ಪ ರಟ್ಟು, ಇರಲಿ, ತೇವ ಹಿಡಿದರೆ ಚಿತ್ರ ಗಾಜಿಗೆ ಅಂಟಿಕೊಳ್ಳುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ.

ಬೆಂಗಳೂರಿನ ಚಿತ್ರಸಂತೆಯಲ್ಲೋ ಬೇರೆಲ್ಲೋ ಮಾರುವ ಯೋಚನೆ ಇದ್ದರೆ ನಿಮ್ಮದೇ ಫೋಟೊ ಬಳಸಿ. ಅಂತರ್ಜಾಲದಲ್ಲಿ ಸಿಕ್ಕ ಫೋಟೊ ಯಾರದೋ ಸ್ವತ್ತು. ಅದನ್ನು ನೋಡಿ ಬರೆದು ಮಾರುವ ಮೊದಲು ತೆಗೆದವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಿ.